ಒಂಟಿ ಆಕೃತಿ, ತುಂಬಿದ ನಿಸರ್ಗ

ಮುಂಬಯಿಯ ಮಧ್ಯ ರೈಲ್ವೆ ಮಾರ್ಗದಲ್ಲಿ ಕಾಂಜೂರ್‌ಮಾರ್ಗ್ ದಾಟಿದರೆ ಭಾಂಡುಪ್. ಸ್ಟೇಷನ್ನಿನ ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಸಾಲು. ಅದರ ಮಡಿಲಲ್ಲಿ 1860ರಲ್ಲಿ ಕಟ್ಟಿ ಮುಗಿಸಿದ ವಿಹಾರ್ ಕೆರೆ, 1879ರ ತುಳಸಿ ಕೆರೆ. ಮಹಾನಗರದ ಕುಡಿಯುವ ನೀರನ್ನು ಶುದ್ಧಮಾಡಿ ಕಳಿಸುವ ದೊಡ್ಡ ಕೇಂದ್ರವೂ ಇಲ್ಲಿಯೇ ಇದೆ. ಪೂರ್ವಕ್ಕೆ ಉಪ್ಪಿನ ಆಗರಗಳು, ಕಾಂಡ್ಲಾ ಕಾಡು, ಆಚೆಗೆ ಠಾಣೆ ಖಾಡಿ ಎಂಬ ಕಡಲ ಹಿನ್ನೀರು. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಚಾಳುಗಳು, ಕಾರ್ಖಾನೆಯ ಶೆಡ್ಡುಗಳು, ಹೊಸ ಟವರುಗಳು, ಲೆಕ್ಕಕ್ಕೆ ಸಿಗದಷ್ಟು ಜನ. ಕಾಡು ಮತ್ತು ಕಡಲು ಇಷ್ಟು ಸಮೀಪವಿದ್ದೂ ಒಬ್ಬರೇ ಒಂದು ಗಳಿಗೆ ನಿಲ್ಲುವುದಕ್ಕೆ ಜಾಗ ಹುಡುಕಬೇಕಾದ ಊರಿದು.

ಇಂಥ ಊರಿನ ಹೋಟೆಲು, ದವಾಖಾನೆ, ಬ್ಯಾಂಕು, ಮನೆಗಳ ಗೋಡೆಯಲ್ಲಿ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ಕೆಂಪು ಆಕಾಶ, ಮುಳುಗುವ ಸೂರ್ಯ, ನೀರಿನ ಅಂಚಿನಲ್ಲಿ ಪದ್ಮಾಸನ ಹಾಕಿದ ಕಪ್ಪು ಆಕೃತಿ. ಶಾಂತಿ, ಧ್ಯಾನ, ಅಂತರ್ಮುಖತೆ ಎಂಬುದನ್ನೆಲ್ಲ ಆ ಒಂದು ಆಕೃತಿ ಹೇಳಿಬಿಡುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ಈ ಒಪ್ಪಂದ ಎಲ್ಲಿಂದ ಬಂತು? ಪ್ರಕೃತಿಯ ನಡುವೆ ಒಬ್ಬರನ್ನು ನಿಲ್ಲಿಸಿದ ಮಾತ್ರಕ್ಕೆ ಚಿತ್ರ ಧ್ಯಾನವಾಗುತ್ತದೆಯೇ? ನಮ್ಮ ಶಿಲ್ಪ, ಚಿತ್ರ ಪರಂಪರೆಗಳನ್ನೂ ಮುಂಬಯಿಯ ಆಧುನಿಕರನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ: ಧ್ಯಾನ ಆಕೃತಿಯ ಭಂಗಿಯಿಂದ ಬರುವಂಥದ್ದಲ್ಲ, ಕಲಾವಿದ ಆ ಜಾಗವನ್ನು ಎಷ್ಟು ಹೊತ್ತು, ಎಷ್ಟು ನಿಷ್ಠೆಯಿಂದ ನೋಡಿದ್ದಾನೆ ಎಂಬುದರಿಂದ ಬರುತ್ತದೆ.

ಹೊರಗಿನ ಎರಡು ದಾರಿಗಳು

ಈ ಪ್ರತೀಕಕ್ಕೆ ಲೋಕದಲ್ಲಿ ಎರಡು ದೊಡ್ಡ ಮೂಲಗಳಿವೆ. ಮೊದಲನೆಯದು ಚೀನಾದ ಶಾಯಿಚಿತ್ರ. ಕ್ರಿ.ಶ. 1000ದ ಸುಮಾರಿಗೆ ಫಾನ್ ಕ್ವಾನ್ ಬರೆದ ಪರ್ವತಚಿತ್ರದಲ್ಲಿ ಬೆಟ್ಟವೇ ಬಹುಭಾಗ ತುಂಬಿದೆ, ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುವ ಪಯಣಿಗರು ಹುಡುಕಿದರಷ್ಟೇ ಸಿಗುತ್ತಾರೆ. ದಕ್ಷಿಣ ಸೋಂಗ್ ಕಾಲದ ಮಾ ಯುವಾನ್ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಈಗ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಅವನ ರೇಷ್ಮೆಯ ಮೇಲಿನ ಚಿತ್ರದಲ್ಲಿ ಒಂದು ದೋಣಿ, ಅದರಲ್ಲಿ ಗಾಳ ಹಿಡಿದು ಬಾಗಿ ಕುಳಿತ ಒಬ್ಬ ಬೆಸ್ತ, ಸುತ್ತ ನಾಲ್ಕಾರು ಅಲೆಯ ಗೆರೆ. ಉಳಿದದ್ದು ಬರಿದು. ಆ ಬರಿದೇ ನೀರು, ಆ ಬರಿದೇ ಚಳಿ. ಬೆಸ್ತ ಕಣ್ಣು ಮುಚ್ಚಿಲ್ಲ, ಆಸನ ಹಾಕಿಲ್ಲ. ಅವನು ತನ್ನ ಕೆಲಸದಲ್ಲಿದ್ದಾನೆ. 14ನೆಯ ಶತಮಾನದ ನೀ ಝಾನ್ ಆ ಒಬ್ಬನನ್ನೂ ತೆಗೆದುಬಿಟ್ಟ. ಅವನ ನದೀತೀರಗಳಲ್ಲಿ ಒಂದು ಖಾಲಿ ಮಂಟಪ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ.

ಎರಡನೆಯ ಮೂಲ ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ (1774–1840). 1808ರಿಂದ 1810ರ ನಡುವೆ ಅವನು ಬರೆದ ಕಡಲತೀರದ ಸನ್ಯಾಸಿಯ ಚಿತ್ರದಲ್ಲಿ ಅಡಿಯಲ್ಲಿ ಕಿರಿದಾದ ಮರಳಪಟ್ಟಿ, ಮೇಲೆ ಕಪ್ಪು ಸಮುದ್ರ, ಉಳಿದದ್ದೆಲ್ಲ ಆಕಾಶ. ಮೊದಲು ಅವನು ಅದರಲ್ಲಿ ಹಡಗುಗಳನ್ನೂ ಬರೆದಿದ್ದ, ಆಮೇಲೆ ಅಳಿಸಿದ. ಸನ್ಯಾಸಿ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. 1818ರ ಸುಮಾರಿನ, ಮಂಜಿನ ಕಡಲ ಮೇಲೆ ನಿಂತ ಅಲೆಮಾರಿಯ ಚಿತ್ರದಲ್ಲೂ ಬೆನ್ನೇ ಕಾಣುವುದು. ಮುಖ ಕಾಣದ್ದರಿಂದ ಆ ಜಾಗದಲ್ಲಿ ನಾವೇ ನಿಂತು ನೋಡುತ್ತೇವೆ. ಇಂದು ಬೆಟ್ಟದ ತುದಿಯಲ್ಲಿ ಬೆನ್ನು ತೋರಿಸಿ ತೆಗೆಸಿಕೊಳ್ಳುವ ಮೊಬೈಲ್ ಫೋಟೊಗಳ ಮೂಲಪುರುಷ ಈ ಅಲೆಮಾರಿಯೇ.

ಚೀನಾದವನು ನಿಸರ್ಗದ ಒಳಗೆ ಕರಗುತ್ತಾನೆ, ಜರ್ಮನಿಯವನು ಅದರ ಎದುರು ನಿಲ್ಲುತ್ತಾನೆ. ಕರ್ನಾಟಕದಲ್ಲಿ ಇವೆರಡಕ್ಕೂ ಬೇರೆಯಾದ ಮೂರನೆಯ ದಾರಿ ಅದಾಗಲೇ ಇತ್ತು.

ಮೈಮೇಲೆ ಬೆಳೆದ ಕಾಡು

981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಮಾಡಿಸಿದ 57 ಅಡಿಯ ಬಾಹುಬಲಿಯನ್ನು ಶಿಲ್ಪವೆಂದೇ ನಾವು ನೋಡುತ್ತೇವೆ. ಅದನ್ನು ನಿಸರ್ಗಚಿತ್ರವೆಂದೂ ನೋಡಬೇಕು. ಕಾಲ ಬಳಿ ಹುತ್ತ, ಹುತ್ತದಿಂದ ಹೊರಬರುವ ಹಾವು, ತೊಡೆ ತೋಳುಗಳನ್ನು ಸುತ್ತಿ ಮೇಲೇರಿದ ಮಾಧವೀ ಬಳ್ಳಿ. ಮನುಷ್ಯ ಪ್ರಕೃತಿಯನ್ನು ನೋಡುತ್ತಿರುವ ಚಿತ್ರ ಇದಲ್ಲ, ಪ್ರಕೃತಿಯೇ ಮನುಷ್ಯನ ಮೇಲೆ ಬೆಳೆದ ಚಿತ್ರ. ಎಷ್ಟು ಕಾಲ ನಿಂತಿದ್ದಾನೆ ಎಂಬುದನ್ನು ಬಳ್ಳಿಯೇ ಅಳೆದು ಹೇಳುತ್ತದೆ. ಕಾಲದ ಅಳತೆಯನ್ನು ಒಂದು ಗಿಡದ ಬೆಳವಣಿಗೆಯಲ್ಲಿ ತೋರಿಸುವ ಇಂಥ ಉಪಾಯ ಫ್ರೀಡ್ರಿಖ್‌ನಲ್ಲೂ ಇಲ್ಲ, ಮಾ ಯುವಾನ್‌ನಲ್ಲೂ ಇಲ್ಲ. ಬಾದಾಮಿಯ ಜೈನ ಗುಹೆಯಲ್ಲಿ ಇದರ ಹಳೆಯ ರೂಪವಿದೆ. 1432ರ ಕಾರ್ಕಳ, 1604ರ ವೇಣೂರು ಮೂರ್ತಿಗಳು ಇದನ್ನು ತುಳುನಾಡಿಗೆ ತಂದವು. ಆ ಊರುಗಳಿಂದ ಮುಂಬಯಿಗೆ ಬಂದ ಕುಟುಂಬಗಳಿಗೆ ಈ ಆಕೃತಿ ಬಾಲ್ಯದಿಂದ ಪರಿಚಿತ.

ಬಾಹುಬಲಿಯ ಕಥೆಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ವರ್ಷವಿಡೀ ನಿಂತರೂ ಬಾಹುಬಲಿಗೆ ಜ್ಞಾನ ಕೂಡಿಬರಲಿಲ್ಲ. ತಾನು ನಿಂತಿರುವುದು ಅಣ್ಣ ಭರತನ ನೆಲ ಎಂಬ ಒಂದು ಎಣಿಕೆ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಭರತ ಬಂದು ಅದನ್ನು ತೆಗೆದ ಮೇಲೆಯೇ ಅವನು ಮುಕ್ತನಾದ. ನೆಲ ಯಾರದು ಎಂಬ ಪ್ರಶ್ನೆ ಧ್ಯಾನದ ಹೊರಗಿನದಲ್ಲ ಎಂಬುದನ್ನು ನಮ್ಮ ಪರಂಪರೆ ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿತ್ತು.

ಚಿತ್ರಕಲೆಯಲ್ಲಿ ಇದಕ್ಕೆ ಜೋಡಿಯಾಗಿ ನಿಲ್ಲುವ ಕೃತಿ ಬಿಜಾಪುರದ್ದು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಳ್ವಿಕೆಯಲ್ಲಿ (1580–1627), 17ನೆಯ ಶತಮಾನದ ಆರಂಭದಲ್ಲಿ, ಹೆಸರು ತಿಳಿಯದ ಒಬ್ಬ ಕಲಾವಿದ ಮೈನಾ ಹಕ್ಕಿ ಹಿಡಿದ ಯೋಗಿನಿಯನ್ನು ಬರೆದ. ಅದು ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಬೂದಿ ಬಳಿದ ಮುಖ, ಎತ್ತಿ ಕಟ್ಟಿದ ಜಡೆ, ಚಿನ್ನದ ಒಡವೆ, ಗಾಳಿಗೆ ಸುರುಳಿಯಾಗುವ ಸೆರಗು. ಪಕ್ಕದಲ್ಲಿ ಅವಳಷ್ಟೇ ಎತ್ತರಕ್ಕೆ ಎದ್ದ ಹೂಗಿಡಗಳು, ದೂರದ ಗುಡ್ಡದ ಮೇಲೆ ಪುಟ್ಟದಾದ ಅರಮನೆ. ಅರಮನೆ ಚಿಕ್ಕದಾಗಿ ಹೂವು ದೊಡ್ಡದಾದುದೇ ಈ ಚಿತ್ರದ ತಾತ್ಪರ್ಯ. ಅವಳು ಎಲ್ಲಿಂದ ಹೊರಟು ಬಂದಳು, ಈಗ ಯಾವುದು ಅವಳಿಗೆ ಹತ್ತಿರ ಎಂಬುದನ್ನು ಗಾತ್ರವೇ ಹೇಳುತ್ತದೆ. ಅವಳ ಕಣ್ಣು ತೆರೆದಿದೆ, ನೋಟ ಹಕ್ಕಿಯಲ್ಲಿ ನೆಟ್ಟಿದೆ.

ಈ ಯೋಗಿನಿ ಮುಖ್ಯಳಾಗುವುದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಚಿತ್ರಪರಂಪರೆಯಲ್ಲಿ ಕಾಡಿನಲ್ಲಿ ಒಬ್ಬನೇ ಇರುವ ಗಂಡಸು ತಪಸ್ವಿ, ಒಬ್ಬಳೇ ಇರುವ ಹೆಂಗಸು ಹೆಚ್ಚಾಗಿ ವಿರಹಿಣಿ. ರಾಗಮಾಲಾ ಚಿತ್ರಗಳ ತೋಡಿ ರಾಗಿಣಿ ವೀಣೆ ಹಿಡಿದು ನಿಂತರೆ ಜಿಂಕೆಗಳು ಸುತ್ತ ಸೇರುತ್ತವೆ, ಆದರೂ ಬಾರದ ಇನಿಯನ ನೆರಳು ಚಿತ್ರದ ಮೇಲೆ ಬಿದ್ದೇ ಇರುತ್ತದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಮನೆಮನೆ ಸೇರಿದ ಶಕುಂತಲೆ, ದಮಯಂತಿಯರೂ ಉದ್ಯಾನದ ನಡುವೆ ಕಾಯುವವರೇ. ಅವರ ಸುತ್ತಲ ಮರ, ಕೊಳ, ಹಂಸಗಳು ಅವರ ಕಾಯುವಿಕೆಗೆ ಒದಗಿದ ಅಲಂಕಾರ. ಬಿಜಾಪುರದ ಯೋಗಿನಿ ಯಾರನ್ನೂ ಕಾಯುತ್ತಿಲ್ಲ. ಕೇಶಾಂಬರಿಯಾಗಿ ಕದಳಿಯತ್ತ ನಡೆದ ಅಕ್ಕಮಹಾದೇವಿಯನ್ನು ನಮ್ಮ ಕ್ಯಾಲೆಂಡರ್ ಕಲಾವಿದರು ನೂರಾರು ಸಲ ಬರೆದಿದ್ದಾರೆ. ಅವಳಿಗೆ ಈ ಯೋಗಿನಿಗೆ ಸಿಕ್ಕಂಥ ಚಿತ್ರಕಾರ ಸಿಗಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಮನುಷ್ಯ ಹೊರನಡೆದ ಚಿತ್ರಗಳು

ಕರ್ನಾಟಕದ ಆಧುನಿಕ ನಿಸರ್ಗಚಿತ್ರ ಶುರುವಾಗುವುದು ಕೆ. ವೆಂಕಟಪ್ಪನವರಿಂದ (1886–1965). ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಮೊದಲು ಪುರಾಣಚಿತ್ರಗಳನ್ನು ಬರೆದವರು ಅವರು. 1926ರ ಊಟಿ ಚಿತ್ರಗಳಲ್ಲಿ, ಬಳಿಕ ಕೊಡೈಕನಾಲ್ ಚಿತ್ರಗಳಲ್ಲಿ ಪುರಾಣವೂ ಹೋಯಿತು, ಆಕೃತಿಯೂ ಹೋಯಿತು. ಉಳಿದದ್ದು ಕೆರೆ, ಇಳಿಜಾರು, ಒಡೆಯುತ್ತಿರುವ ಮುಂಗಾರು ಮೋಡ. ಮದುವೆಯಾಗದೆ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು, ಜನರಿಂದ ದೂರವಾಗಿ ಬದುಕಿದ ಅವರು ತಮ್ಮ ಏಕಾಂತವನ್ನು ಚಿತ್ರದೊಳಗೆ ಮನುಷ್ಯನ ರೂಪದಲ್ಲಿ ತರಲಿಲ್ಲ. ಚಿತ್ರದ ಎದುರು ನಿಂತಿದ್ದವರು ಅವರೇ. ಈಗ ಆ ಜಾಗ ನೋಡುಗರದು.

ರುಮಾಲೆ ಚನ್ನಬಸವಯ್ಯನವರದು (1910–1988) ಇದಕ್ಕೆ ವಿರುದ್ಧ ಸ್ವಭಾವ. ಸ್ವಾತಂತ್ರ್ಯ ಹೋರಾಟ, ಸೇವಾದಳ, ಶಾಸನಸಭೆಗಳಲ್ಲಿ ದಶಕಗಳನ್ನು ಕಳೆದು, ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಕೇಸರಿ, ಹಳದಿ, ನೇರಿಳೆ ಬಣ್ಣಗಳ ಚುಕ್ಕೆಗಳಲ್ಲಿ ತುಂಬಿಸಿದರು. ಅಲ್ಲಿ ಒಂಟಿಯಾಗಿ ನಿಲ್ಲುವುದು ಮರ. ಧ್ಯಾನವೆಂದರೆ ಮಂಜು, ಬೂದುಬಣ್ಣ, ಮೌನ ಎಂಬ ರೂಢಿಯನ್ನು ಮುರಿದು, ಉಲ್ಲಾಸವೂ ಧ್ಯಾನವಾಗಬಹುದೆಂದು ತೋರಿಸಿದ್ದು ರುಮಾಲೆಯವರ ದೊಡ್ಡ ಕೊಡುಗೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯದ ನಿಕೊಲಾಯ್ ರೋರಿಕ್ ಅವರ ಹಿಮಾಲಯ ಚಿತ್ರಗಳಿವೆ. ಅವರ ಮಗ ಸ್ವೆತೊಸ್ಲಾವ್, ನಟಿ ದೇವಿಕಾರಾಣಿಯವರೊಂದಿಗೆ ತಾತಗುಣಿಯಲ್ಲಿ ನೆಲೆಸಿದ್ದರಿಂದ ನಮಗೆ ಒದಗಿದ ಸಂಪತ್ತು ಅದು. ತಂದೆಯ ಚಿತ್ರಗಳಲ್ಲಿ ನೀಲಿ, ನೇರಿಳೆ ಶಿಖರಗಳ ನಡುವೆ ಋಷಿ, ಲಾಮಾ, ಅಲೆಮಾರಿ ಒಬ್ಬಂಟಿಯಾಗಿ ಬರುತ್ತಾರೆ. ಅವುಗಳ ಸೊಬಗನ್ನು ಒಪ್ಪುತ್ತಲೇ ಒಂದು ಮಾತು ಹೇಳಬೇಕು: ಆ ಬೆಟ್ಟಗಳನ್ನು ಸುಮಾರು ಇಪ್ಪತ್ತು ವರ್ಷ ಕುಲು ಕಣಿವೆಯಲ್ಲಿ ಬಾಳಿ ನೋಡಿದವರ ಕೈ ಅದು. ನೋಡದೆ ನಕಲು ಮಾಡಿದವರ ಹಿಮಾಲಯಗಳು ಕ್ಯಾಲೆಂಡರಿನ ಆಚೆಗೆ ಬದುಕಲಿಲ್ಲ.

ಮುಂಬಯಿಯ ಕಣ್ಣು

ಮುಂಬಯಿಯಲ್ಲಿ ಕನ್ನಡಿಗರ ಚಿತ್ರಕಲೆಗೆ ನೆಲೆ ಕೊಟ್ಟದ್ದು ದಂಡಾವತಿಮಠರ ನೂತನ ಕಲಾಮಂದಿರ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996), ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಇಬ್ಬರೂ ಅಲ್ಲಿ ಕಲಿತವರು. ಪಂಡಿತರು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಪುರಾಣದ ನಾಯಕ ನಾಯಿಕೆಯರನ್ನು ದೇಶಕ್ಕೆಲ್ಲ ಮುಟ್ಟಿಸಿದರು. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಪ್ಯಾರಿಸ್ಸಿಗೂ ಹೋಗಿಬಂದು, ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. 1964ರಲ್ಲಿ ಅವರ ರೇಖಾಚಿತ್ರಗಳ ಸಂಪುಟ 'ದಿ ಸಿಂಗಿಂಗ್ ಲೈನ್' ಬಂತು. ಅವರ ತೈಲವರ್ಣಗಳಲ್ಲಿ ಜನ ಗುಂಪಾಗಿ ಬರುತ್ತಾರೆ. ಏಕಾಂತ ಇರುವುದು ರೇಖೆಗಳಲ್ಲಿ. ಕಾಗದದ ಬಿಳುಪಿನಲ್ಲಿ ತಡೆಯಿಲ್ಲದೆ ಹರಿದ ಒಂದು ಗೆರೆ ಬಾಗಿದ ಬೆನ್ನಾಗುತ್ತದೆ, ಸುತ್ತಲ ಬಿಳುಪು ತಾನಾಗಿ ಬಯಲಾಗುತ್ತದೆ. ಮಾ ಯುವಾನ್‌ನ ಬರಿದಿಗೆ ಹತ್ತಿರದ ಮಾತಿದು.

ಹೆಬ್ಬಾರರ ಕಿರಿಯ ಸಮಕಾಲೀನರಲ್ಲಿ ವಿ.ಎಸ್. ಗಾಯ್ತೊಂಡೆ (1924–2001) ಆಕೃತಿ, ನಿಸರ್ಗ ಎರಡನ್ನೂ ಬಿಟ್ಟರು. ಝೆನ್ ಚಿಂತನೆಯಲ್ಲಿ ಮುಳುಗಿ, ರೋಲರಿನಿಂದ ಬಣ್ಣ ಹಚ್ಚಿ, ತೆಗೆದು, ವರ್ಷಕ್ಕೆ ಬೆರಳೆಣಿಕೆಯ ಕೃತಿಗಳನ್ನಷ್ಟೇ ಮುಗಿಸುತ್ತಿದ್ದರು. ಆದರೂ ಆ ಕ್ಯಾನ್ವಾಸುಗಳ ಮುಂದೆ ನಿಂತಾಗ ನೀರು, ದಿಗಂತ, ಮಬ್ಬು ಬೆಳಕು ನೆನಪಾಗದೆ ಇರುವುದಿಲ್ಲ. ಅಕ್ಬರ್ ಪದಮ್‌ಸೀ 1970ರಿಂದ ಬರೆದ 'ಮೆಟಾಸ್ಕೇಪ್' ಸರಣಿಯಲ್ಲಿ ಸೂರ್ಯ ಚಂದ್ರರು ಒಂದೇ ಆಕಾಶದಲ್ಲಿದ್ದಾರೆ. ಕಾಲವನ್ನು ನಡೆಸುವ ಈ ಜೋಡಿ ಅವರಿಗೆ ಹೊಳೆದದ್ದು ಕಾಳಿದಾಸನ ಶಾಕುಂತಲದ ನಾಂದಿಯಿಂದ. ನಸ್ರೀನ್ ಮೊಹಮ್ಮದಿ (1937–1990) ಸಮುದ್ರದ ಅಂಚು, ಮರುಭೂಮಿಗಳ ಅನುಭವವನ್ನು ಸಣ್ಣ ಗೆರೆಗಳಿಗೆ ಇಳಿಸಿದರು. ವೈದ್ಯರೂ ಕವಿಯೂ ಆಗಿದ್ದ ಗೀವ್ ಪಟೇಲ್ (1940–2023) ಬಾವಿಯೊಳಗೆ ಇಣುಕುವ ಸರಣಿಯನ್ನು ವರ್ಷಗಟ್ಟಲೆ ಬರೆದರು. ಕಟ್ಟೆಯ ಮೇಲಿಂದ ಬಾಗಿದರೆ ಕೆಳಗೆ ಕಲ್ಲು, ಜರಿಗಿಡ, ನೀರಿನಲ್ಲಿ ಆಕಾಶ. ಬಾಗಿದವನು ಚಿತ್ರದಲ್ಲಿಲ್ಲ, ನಮ್ಮ ಕತ್ತೇ ಬಾಗುತ್ತದೆ. ಫ್ರೀಡ್ರಿಖ್ ಬೆನ್ನು ತೋರಿಸಿ ಮಾಡಿದ ಕೆಲಸವನ್ನು ಪಟೇಲರು ಬೆನ್ನನ್ನೂ ತೋರಿಸದೆ ಮಾಡಿದರು. ಈ ಸಮೀಕ್ಷೆಯಲ್ಲಿ ಬಂದ ಆಧುನಿಕ ಕೃತಿಗಳಲ್ಲಿ ನನಗೆ ಅತ್ಯಂತ ಪೂರ್ಣವೆನಿಸುವುದು ಈ ಬಾವಿಗಳೇ.

ಭಾಂಡುಪಿಗೆ ನಿಜವಾದ ನೆರೆಯವರು ಸುಧೀರ್ ಪಟವರ್ಧನ್. ಮೂರೇ ಸ್ಟೇಷನ್ ಆಚೆಯ ಠಾಣೆಯಲ್ಲಿ ಮೂರು ದಶಕ ವಿಕಿರಣ ವೈದ್ಯರಾಗಿ ದುಡಿದು, ಅದೇ ಉಪನಗರಗಳನ್ನು ಬರೆದವರು. 1980ರ 'ಟ್ರೇನ್', 1981ರ 'ಓವರ್‌ಬ್ರಿಜ್', 2001ರ 'ಉಲ್ಲಾಸ್‌ನಗರ್' ಚಿತ್ರಗಳು ಗುಡ್ಡ, ಹಳಿ, ಕಾರ್ಖಾನೆ, ಕೊಳೆಗೇರಿಗಳನ್ನೇ ನಿಸರ್ಗವಾಗಿ ಒಪ್ಪಿಕೊಂಡಿವೆ. ಅಲ್ಲಿನ ಜನ ಗುಂಪಿನಲ್ಲಿದ್ದೂ ಒಬ್ಬೊಬ್ಬರೇ. ಕೆಲಸ ಮುಗಿಸಿ ನಿಂತವರ ಆಯಾಸದಲ್ಲಿ ಒಂದು ಅಂತರ್ಮುಖತೆಯಿದೆ. ತಪಸ್ಸಿಗೆ ಕಾಡಿಗೇ ಹೋಗಬೇಕೆಂಬ ಷರತ್ತನ್ನು ಪಟವರ್ಧನ್ ತೆಗೆದುಹಾಕಿದರು.

ಏಕಾಂತದ ಖರ್ಚು ಯಾರದು?

ಈ ಪ್ರತೀಕದ ಮೇಲೆ ಗಂಭೀರವಾದ ಆಕ್ಷೇಪವೊಂದಿದೆ. ಒಂಟಿತನ ಉಳ್ಳವರಿಗೆ ಸಿಗುವ ಸೌಕರ್ಯ, ಅದನ್ನು ಕೀರ್ತಿಸುವ ಚಿತ್ರ ದುಡಿಯುವವರನ್ನು ಮರೆಮಾಡುತ್ತದೆ ಎಂಬುದು ಅದು. ಇದಕ್ಕೆ ಉತ್ತರ ಭಾಂಡುಪಿನ ಹಿಂದಿನ ಕಾಡಿನಲ್ಲೇ ಇದೆ. ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಕರಿಗಲ್ಲಿನಲ್ಲಿ ಕೊರೆದ ಕೋಣೆ, ಮಲಗಲು ಕಲ್ಲಿನ ಜಗಲಿ, ಬಾಗಿಲ ಬಳಿ ಮಳೆನೀರಿನ ತೊಟ್ಟಿ, ಕಣಿವೆಗೆ ತೆರೆದ ಮೊಗಸಾಲೆ. ಭಿಕ್ಷುವಿಗೆ ಆ ಮೊಗಸಾಲೆಯೇ ಚೌಕಟ್ಟು, ಕಾಡೇ ಚಿತ್ರ. ಆದರೆ ಗುಹೆಗಳನ್ನು ಕೊರೆಸಿದ್ದು ಕಲ್ಯಾಣ, ಸೋಪಾರಾಗಳ ವರ್ತಕರ ದಾನ. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನೆಂದೂ ಹೆಸರಾದ ಇದೇ ದೊರೆಯ ಆಸ್ಥಾನದಲ್ಲಿ. ಅವನ ಸಾಮಂತರಾದ ಶಿಲಾಹಾರರ ಕಾಲದ ಆ ದಾಖಲೆಗಳು ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆಯ ದುರಸ್ತಿಗೆ ಕೊಟ್ಟ ಹಣವನ್ನು ಹೇಳುತ್ತವೆ. ಏಕಾಂತಕ್ಕೆ ಸಮಾಜ ಖರ್ಚು ಮಾಡಿತ್ತು, ಅದನ್ನು ಕಲ್ಲಿನಲ್ಲಿ ಬರೆದೂ ಇಟ್ಟಿತ್ತು. ಸಾಲವನ್ನು ಒಪ್ಪಿಕೊಂಡ ಏಕಾಂತ ಸ್ವಾರ್ಥವಾಗುವುದಿಲ್ಲ. ಸಾಲವನ್ನು ಮುಚ್ಚಿಟ್ಟ ಏಕಾಂತವೇ ಪೋಸ್ಟರ್ ಆಗುವುದು.

ಮುಳುಗುವ ಸೂರ್ಯನ ಮುಂದಿನ ಕಪ್ಪು ಆಕೃತಿಯ ಕೊರತೆಯೂ ಇದೇ. ಅದಕ್ಕೆ ಊರಿಲ್ಲ, ಋತುವಿಲ್ಲ, ಗಿಡದ ಹೆಸರಿಲ್ಲ. ಬಾಹುಬಲಿಗೆ ಮಾಧವೀ ಬಳ್ಳಿ ಇದೆ, ಯೋಗಿನಿಗೆ ಮೈನಾ ಇದೆ, ವೆಂಕಟಪ್ಪನವರಿಗೆ ಊಟಿಯ ಮೋಡವಿದೆ, ಪಟೇಲರಿಗೆ ಜರಿಗಿಡವಿದೆ. ಮೇಲೆ ಬಂದ ಒಳ್ಳೆಯ ಕೃತಿಗಳಲ್ಲೆಲ್ಲ ಆಕೃತಿ ಇದ್ದರೂ, ಇಲ್ಲದಿದ್ದರೂ, ಜಾಗ ಮಾತ್ರ ಖಚಿತವಾಗಿದೆ.

ಬರೆಯದೆ ಉಳಿದ ಭಾಂಡುಪ್

ಹಾಗಾದರೆ ಭಾಂಡುಪಿನ ಜಾಗ ಯಾವುದು? ಪೂರ್ವದ ಪಂಪಿಂಗ್ ಸ್ಟೇಷನ್ ರಸ್ತೆ ಹಕ್ಕಿ ನೋಡುವವರಿಗೆಲ್ಲ ಗೊತ್ತು. ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಖಾಡಿಯ ಕೆಸರಿನಲ್ಲಿ ಸಾವಿರಾರು ಫ್ಲೆಮಿಂಗೊಗಳು ನಿಲ್ಲುತ್ತವೆ. 2015ರಲ್ಲಿ ಠಾಣೆ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅದಕ್ಕೆ ರಾಮ್‌ಸರ್ ತಾಣದ ಮನ್ನಣೆ ಬಂತು. ಖಾಡಿಯ ಈಚೆ ಬದಿಗೆ ಉಪ್ಪಿನ ಆಗರಗಳ ಚೌಕಗಳು, ಬದುಗಳು, ಕಾಂಡ್ಲಾದ ನಡುವೆ ದೋಣಿ ಒಯ್ಯುವ ಕೋಳಿ ಸಮುದಾಯದ ಮೀನುಗಾರ. ಮಾ ಯುವಾನ್‌ನ ಬೆಸ್ತನಿಗೆ ಇವನಿಗಿಂತ ಹತ್ತಿರದ ಬಂಧು ಇಲ್ಲ. ಪ್ರತೀಕಕ್ಕಾಗಿ ಯಾರನ್ನೂ ಆಸನ ಹಾಕಿಸಿ ಕೂರಿಸಬೇಕಾಗಿಲ್ಲ. ಕೆಲಸದಲ್ಲಿ ಮುಳುಗಿದ ಮನುಷ್ಯ, ಅವನ ಸುತ್ತಲ ಉಬ್ಬರ ಇಳಿತ, ಇಷ್ಟು ಸಾಕು.

ಬಾಹುಬಲಿಯನ್ನು ಕಾಡಿದ ಪ್ರಶ್ನೆ ಇಲ್ಲಿಯೂ ಇದೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡಿನ ಸುಮಾರು 256 ಎಕರೆ ಉಪ್ಪಿನ ಆಗರದ ಜಮೀನನ್ನು ಧಾರಾವಿ ಕೊಳೆಗೇರಿಯ ಪುನರಭಿವೃದ್ಧಿ ಯೋಜನೆಯ ಮನೆಗಳಿಗಾಗಿ ಬಳಸಲು ತೀರ್ಮಾನಿಸಿತು. ಬಡವರಿಗೆ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಳೆಗಾಲದ ನೀರನ್ನು ಹೀರಿಕೊಳ್ಳುವ ಈ ತಗ್ಗುನೆಲ ನಗರಕ್ಕೂ ಬೇಕು. ಆ ವಾದವನ್ನು ಚಿತ್ರಕಲೆ ತೀರ್ಮಾನಿಸಲಾರದು. ಆದರೆ ಏನನ್ನು ಪಡೆಯುತ್ತೇವೆ, ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ನೆಲವನ್ನು ಯಾರಾದರೂ ಸರಿಯಾಗಿ ನೋಡಿರಬೇಕು. ನಕ್ಷೆ ಎಕರೆಯನ್ನಷ್ಟೇ ತೋರಿಸುತ್ತದೆ. ಮಾರ್ಚ್ ತಿಂಗಳ ಸಂಜೆ ಆಗರದ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಕಲಾವಿದನೇ ದಾಖಲಿಸಬೇಕು.

ಮುಂಬಯಿಯ ಕನ್ನಡ ಸಂಸ್ಥೆಗಳು ನಾಟಕ, ಯಕ್ಷಗಾನ, ಸಾಹಿತ್ಯಗಳಿಗೆ ಮಾಡಿದ ಸೇವೆ ದೊಡ್ಡದು. 1926ರ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ಎಲ್ಲರಲ್ಲೂ ನನ್ನದೊಂದು ಮನವಿ. ಹೆಬ್ಬಾರರ ಊರಿನವರೆಂಬ ಹೆಮ್ಮೆ ಭಾಷಣಗಳಲ್ಲೇ ಮುಗಿಯುವುದು ಬೇಡ. ವರ್ಷಕ್ಕೊಮ್ಮೆಯಾದರೂ ನಮ್ಮ ಮಕ್ಕಳನ್ನೂ ಯುವ ಕಲಾವಿದರನ್ನೂ ಭಾಂಡುಪಿನ ಖಾಡಿಯ ಬಳಿಗೆ, ಕಾನ್ಹೇರಿಯ ಮೊಗಸಾಲೆಗಳಿಗೆ ಕರೆದೊಯ್ದು ಸ್ಥಳದಲ್ಲೇ ಚಿತ್ರ ಬರೆಸೋಣ. ಗಿಡ, ಹಕ್ಕಿ, ಅಲ್ಲಿ ದುಡಿಯುವವರ ಹೆಸರು ಕೇಳಿ ತಿಳಿದು ಬರೆಯಲಿ. ಬರೆದುದನ್ನು ನಮ್ಮ ಸಭಾಂಗಣಗಳಲ್ಲಿ, ಹೋಟೆಲುಗಳ ಗೋಡೆಗಳಲ್ಲಿ ತೂಗುಹಾಕೋಣ. ಅಂಗಡಿಯಿಂದ ತಂದ ಸೂರ್ಯಾಸ್ತಕ್ಕಿಂತ ಅವು ಕಚ್ಚಾ ಇರಬಹುದು, ಆದರೆ ಯಾವ ನೆಲದವು ಎಂದು ಕೇಳಿದರೆ ಉತ್ತರ ಕೊಡಬಲ್ಲವು.